ಹೇಳಪ್ಪ ಹೇಳದ ಹೆಸರು

ಆ ವರ್ಷದ ಶ್ರಾವಣದಲ್ಲಿ ಹುಬ್ಬಳ್ಳಿಯಲ್ಲಿ ಒಂದೇ ವಾರಕ್ಕೆ ಒಂಬತ್ತು ಸಾವಿರ ತಾಯಂದಿರು ತೀರಿಕೊಂಡರು. ಒಬ್ಬರ ಮನೆಯ ಒಲೆಯೂ ಆರಲಿಲ್ಲ, ಒಬ್ಬರ ಮನೆಯ ಮುಂದೆಯೂ ಜನ ಸೇರಲಿಲ್ಲ. ತೀರಿಕೊಂಡವರಲ್ಲಿ ಹೆಚ್ಚಿನವರು ಆ ಹೊತ್ತಿಗೆ ಸಂತೆಯಲ್ಲಿ ನಿಂತು ಬದನೆಕಾಯಿಗೆ ಚೌಕಾಶಿ ಮಾಡುತ್ತಿದ್ದರು. ಅವರೆಲ್ಲ ಸತ್ತದ್ದು ನನ್ನ ಕಚೇರಿಯ ಎರಡನೆಯ ಕಂಪ್ಯೂಟರಿನಲ್ಲಿ. ನಂಬಿ ಎಂದು ಒತ್ತಾಯ ಮಾಡುವುದಿಲ್ಲ. ನಂಬದವರ ಮನೆಯ ಯಜಮಾನತಿಯೂ ಆ ಪಟ್ಟಿಯಲ್ಲಿ ಇದ್ದಿರಬಹುದು, ಅಷ್ಟೇ ಹೇಳುತ್ತೇನೆ.

ಆಗ ಜನ ಅಂಗಡಿ ಹುಡುಕುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಏನು ಬೇಕಾದರೂ ಉತ್ತರ ಹೇಳುವ ಯಂತ್ರವನ್ನು ಕೇಳುತ್ತಿದ್ದರು. ಅದಕ್ಕೆ ಕಂಪನಿಯವರು ಇಟ್ಟ ಹೆಸರಿಗೆ ನಮ್ಮವರ ನಾಲಿಗೆ ಹೊರಳಲಿಲ್ಲ. ಕೇಳಿದ್ದಕ್ಕೆಲ್ಲ ಹೇಳುತ್ತದೆಂದು ಅದು ನಮ್ಮ ಕಡೆ ಹೇಳಪ್ಪ ಆಯಿತು. ಚಪ್ಪಲಿ ಎಲ್ಲಿ ಕೊಳ್ಳಲಿ, ಹಲ್ಲು ಯಾರ ಹತ್ತಿರ ಕೀಳಿಸಲಿ, ಹೆಣ್ಣು ನೋಡಲು ಬರುವವರಿಗೆ ಯಾವ ಬೇಕರಿಯ ಖಾರ ತರಲಿ, ಯಾವುದೇ ಇರಲಿ, ಹೇಳಪ್ಪ ಮೂರು ಹೆಸರು ಹೇಳುತ್ತಿದ್ದ. ಜನ ಮೊದಲನೆಯದಕ್ಕೆ ಹೋಗುತ್ತಿದ್ದರು. ನಾಲ್ಕನೆಯ ಅಂಗಡಿಯವನು ಬಾಗಿಲು ತೆರೆದಿಟ್ಟುಕೊಂಡು ನೊಣ ಹೊಡೆಯುತ್ತಿದ್ದ.

ಆ ನಾಲ್ಕನೆಯವರೇ ನನ್ನ ಗಿರಾಕಿಗಳು. ದುರ್ಗದಬೈಲಿನ ಹತ್ತಿರ, ಚುರುಮುರಿ ಕಲಸಿ ಕೊಡುವ ಒಂದು ಗಿರಮಿಟ್ ಅಂಗಡಿಯ ಮೇಲಿನ ಕೋಣೆಯಲ್ಲಿ ನನ್ನ ಕಚೇರಿ. ಹೇಳಪ್ಪನ ಉತ್ತರಗಳಲ್ಲಿ ಗಿರಾಕಿಯ ಹೆಸರು ಬರುತ್ತದೆಯೋ ಇಲ್ಲವೋ ಎಂದು ಕಾಯುವುದು ನಮ್ಮ ಕಸುಬು. ಹೇಳಪ್ಪನಿಗೊಂದು ಚಟ. ಒಂದೇ ಪ್ರಶ್ನೆಗೆ ಎರಡು ಸಲ ಒಂದೇ ಉತ್ತರ ಕೊಡುವವನಲ್ಲ. ಆದ್ದರಿಂದ ಒಂದೇ ಪ್ರಶ್ನೆಯನ್ನು ದಿನಕ್ಕೆ ನೂರು ಸಲ, ನೂರು ಮುಖ ಹಾಕಿಕೊಂಡು ಕೇಳಬೇಕು. ಮುಖ ಎಂದರೆ ಒಂದು ಹೆಸರು, ಒಂದು ವಯಸ್ಸು, ಒಂದು ಓಣಿ. ಹೇಳಪ್ಪ ಕೇಳಿದವರ ಮುಖ ನೋಡಿ ಮಾತಾಡುತ್ತಾನೆ. ನೂರರಲ್ಲಿ ಎಷ್ಟು ಸಲ ಗಿರಾಕಿಯ ಹೆಸರು ಬಂತೋ ಅಷ್ಟು ಪರ್ಸೆಂಟ್ ಅವನು ಲೋಕಕ್ಕೆ ಕಾಣುತ್ತಿದ್ದಾನೆ ಎಂದು ಲೆಕ್ಕ. ಈ ಕಸುಬಿನಲ್ಲಿ ನಿಯಮ ಒಂದೇ, ಗಿರಾಕಿಯ ಹೆಸರನ್ನು ಪ್ರಶ್ನೆಯೊಳಗೆ ಹಾಕಬಾರದು. ಹಾಕಿದರೆ, ಕನ್ನಡಿ ನೋಡಿ ಹಲ್ಲು ಕಿರಿದು, ಊರೆಲ್ಲ ನನ್ನನ್ನು ನೋಡಿ ನಗುತ್ತಿದೆ ಎಂದುಕೊಂಡ ಹಾಗೆ.

ಪ್ರಶ್ನೆ ಬರೆಯುವ ಕೆಲಸ ಇಂದುಮತಿ ಪತ್ತಾರಳದು. ಮೂವತ್ತು ದಾಟಿದ, ಮಾತು ಕಡಿಮೆಯಿದ್ದ ಹೆಂಗಸು. ಹಲ್ಲುನೋವಿನವನ ಪ್ರಶ್ನೆ ಬರೆದರೆ ಓದಿದವರು ದವಡೆ ಮುಟ್ಟಿ ನೋಡಿಕೊಳ್ಳಬೇಕು, ಹಾಗೆ ಬರೆಯುತ್ತಿದ್ದಳು.

ನಮ್ಮ ಗಿರಾಕಿಗಳಲ್ಲಿ ಒಬ್ಬರು ತುಂಗವ್ವ ಕಮ್ಮಾರ. ಹಳೇ ಹುಬ್ಬಳ್ಳಿಯಲ್ಲಿ ಒಂದು ತಗಡಿನ ಶೆಡ್ಡಿನಲ್ಲಿ ಹದಿನಾರು ಹೆಂಗಸರನ್ನು ಕೂಡಿಸಿಕೊಂಡು ಕೌದಿ ಹೊಲಿಸುತ್ತಿದ್ದರು. ಜನ ಮನೆಯ ಹಳೆಯ ಸೀರೆಗಳನ್ನು ತಂದುಕೊಡುತ್ತಾರೆ. ಅವನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಕೈಯಿಂದ ದಾರ ಓಡಿಸಿದರೆ ಕೌದಿ. ಹೊದ್ದರೆ ಚಳಿಗೆ ನಾಚಿಕೆಯಾಗಬೇಕು. ಆದರೆ ಹೇಳಪ್ಪ ಬಂದ ಮೇಲೆ ಶೆಡ್ಡಿಗೆ ಸೀರೆ ತರುವವರು ನಿಂತೇ ಹೋಗಿದ್ದರು. ಶೆಡ್ಡಿನ ಮಾಲೀಕ ಅಲ್ಲಿ ಕಾರಿಗೆ ಕರೆಂಟು ತುಂಬುವ ಮಶೀನು ಹಾಕುವ ಯೋಚನೆಯಲ್ಲಿದ್ದ. ದೀಪಾವಳಿಯೊಳಗೆ ಕೈತುಂಬ ಕೆಲಸ ಬಾರದಿದ್ದರೆ ಎಲ್ಲರನ್ನೂ ಮನೆಗೆ ಕಳಿಸಿ ಕೀಲಿಕೈ ಕೊಟ್ಟುಬಿಡುತ್ತೇನೆ ಎಂದು ತುಂಗವ್ವ ನಿರ್ಧಾರ ಮಾಡಿದ್ದರು. ಆ ಹದಿನಾರು ಜನರಿಗೆ ಇನ್ನೂ ಹೇಳಿರಲಿಲ್ಲ. ನನಗೆ ಹೇಳಿದ್ದರು.

ನಾವು ಮೊದಲು ಹಾಕಿದ ಪ್ರಶ್ನೆ ಹೀಗಿತ್ತು. 'ಹುಬ್ಬಳ್ಳಿಯಲ್ಲಿ ಕೈಹೊಲಿಗೆಯ ಉತ್ತಮ ಕೌದಿ ಎಲ್ಲಿ ಸಿಗುತ್ತದೆ?' ನೂರಕ್ಕೆ ತೊಂಬತ್ತೆರಡು ಸಲ ತುಂಗವ್ವನ ಹೆಸರು ಬಂತು. ನಾನು ಬಣ್ಣದ ಗ್ರಾಫು ತೆಗೆಸಿ, ಪೇಢೆಯ ಪೊಟ್ಟಣ ಹಿಡಿದು ಶೆಡ್ಡಿಗೆ ಹೋದೆ. ತುಂಗವ್ವ ಗ್ರಾಫನ್ನು ಉದ್ದಕ್ಕೆ ಹಿಡಿದು ನೋಡಿದರು, ಅಡ್ಡಕ್ಕೆ ಹಿಡಿದು ನೋಡಿದರು.

"ತೊಂಬತ್ತೆರಡು ಅಂತೀರಿ. ಬಾಗಲಾ ಬಡದಾವ್ರು ಒಬ್ಬರೂ ಇಲ್ಲ. ಕೌದಿ ಬೇಕಂತ ಯಾರ್ ಕೇಳ್ತಾರ್ರೀ ಸಾಹೇಬ್ರ? ಮನ್ಯಾಗ ಸೀರಿ ಉಳದಿರ್ತಾವು, ಏನ್ ಮಾಡೂದು ತಿಳಿಯೂದಿಲ್ಲ, ಅದಕ್ಕ ಬರ್ತಾರ."

ಪೇಢೆ ಮಾತ್ರ ಎಲ್ಲರಿಗೂ ಹಂಚಿದರು.

ನಾನು ವಾಪಸು ಬಂದು ಇಂದುಮತಿಗೆ ಈ ಮಾತನ್ನು ಒಪ್ಪಿಸಿದೆ. ಅವಳು ಬಹಳ ಹೊತ್ತು ಕಿಟಕಿಯಿಂದ ಕೆಳಗೆ, ಗಿರಮಿಟ್ ಕಲಸುವವನ ಕೈ ನೋಡುತ್ತ ಕುಳಿತಿದ್ದು, ಆಮೇಲೆ ಒಂದೇ ಸಲಕ್ಕೆ ಬರೆದಳು.

'ಅವ್ವ ಹೋಗಿ ಮೂರು ತಿಂಗಳಾತು. ಆಕಿ ಸೀರಿ ಟ್ರಂಕಿನ್ಯಾಗ ಅದಾವು. ಉಡಾಕ ಮನಸಿಲ್ಲ, ಕೊಡಾಕ ಮನಸಿಲ್ಲ. ಏನ್ ಮಾಡ್ಲಿ?'

ಇಷ್ಟು ವರ್ಷದ ಕಸುಬಿನಲ್ಲಿ ಇಂಥ ಪ್ರಶ್ನೆ ನೋಡಿಲ್ಲ, ಭಾಳ ಚಲೋ ಬರದೀಯವ್ವ ಎಂದೆ.

"ಬರದದ್ದಲ್ರೀ ಸರ್," ಎಂದಳು ಇಂದುಮತಿ. "ಕೇಳಿದ್ದು."

ಅವಳ ತಾಯಿ ತೀರಿಕೊಂಡದ್ದು ನನಗೆ ಗೊತ್ತಿತ್ತು, ಮಣ್ಣಿಗೂ ಹೋಗಿ ಬಂದಿದ್ದೆ. ಆದರೆ ಒಂದು ವಾರದ ನಂತರ ಅವಳು ಕೆಲಸಕ್ಕೆ ಬಂದು ಕುಳಿತಾಗ, ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಆ ಸಂಜೆ ನನ್ನ ಹೆಂಡತಿ ಸರೋಜಾ ಕಟ್ಟಿಕೊಟ್ಟ ಮಾದಲಿಯ ಡಬ್ಬಿ ಹಿಡಿದು ಅವಳ ಮನೆಗೆ ಹೋದೆ. ಎರಡು ಕೋಣೆಯ ಮನೆ. ಮಂಚದ ಮೇಲೆ ಟ್ರಂಕು, ಇಂದುಮತಿಯ ಹಾಸಿಗೆ ನೆಲದ ಮೇಲೆ. ಟ್ರಂಕನ್ನು ಕೆಳಗಿಳಿಸಿ ನೀನು ಮೇಲೆ ಮಲಗಬಾರದೇ ಎಂದು ಕೇಳಬೇಕೆಂದು ಬಾಯಿ ತೆರೆದವನು, ಮಾದಲಿಗೆ ತುಪ್ಪ ಹಾಕಿಕೊಂಡು ತಿನ್ನು ಎಂದು ಹೇಳಿ ಎದ್ದು ಬಂದೆ.

ಮರುದಿನ ಆ ಪ್ರಶ್ನೆಯನ್ನು ಹೇಳಪ್ಪನಿಗೆ ನೂರು ಸಲ ಕೇಳಿದೆವು. ದಾನ ಮಾಡಿ ಎಂದ. ಕಿಟಕಿಗೆ ಪರದೆ ಹೊಲಿಸಿ ಎಂದ. ಸೀರೆಗೆ ಪಾತ್ರೆ ಕೊಡುವವರು ನಿಮ್ಮ ಓಣಿಗೆ ಬುಧವಾರ ಬರುತ್ತಾರೆ ಎಂದ. ಎರಡು ಉತ್ತರಗಳಲ್ಲಿ, ನೆಲ ಒರೆಸಲು ಹತ್ತಿ ಸೀರೆ ಉತ್ತಮ ಎಂದ. ಕೌದಿಯ ಮಾತು ಎಲ್ಲೋ ಮೂಲೆಯಲ್ಲಿ ಬಂತು. ತುಂಗವ್ವನ ಹೆಸರು ಬರಲೇ ಇಲ್ಲ. ಇಂದುಮತಿ ನೂರೂ ಉತ್ತರಗಳನ್ನು ಓದಿ ಮುಗಿಸಿ, ತುಂಗವ್ವ ಲೋಕಕ್ಕೆ ಎಷ್ಟು ಕಾಣುತ್ತಾರೆ ಎಂಬ ಕಾಲಮಿನಲ್ಲಿ ಸೊನ್ನೆ ಬರೆದಳು.

ರೋಗ ತಿಳಿದ ಮೇಲೆ ಔಷಧ ಕಷ್ಟವಲ್ಲ. ಇಂದುಮತಿ ಶೆಡ್ಡಿಗೆ ಹೋಗಿ ತುಂಗವ್ವನನ್ನು ಮಾತಾಡಿಸಿದಳು. ಸೀರೆ ತರುವವರು ಹೇಗೆ ತರುತ್ತಾರೆ, ಕತ್ತರಿ ಹಾಕುವಾಗ ಯಾರು ಹೊರಗೆ ಹೋಗಿ ನಿಲ್ಲುತ್ತಾರೆ, ಸೆರಗನ್ನು ಯಾಕೆ ತಲೆಯ ಕಡೆ ಬರುವಂತೆ ಇಡುತ್ತಾರೆ, ಎಲ್ಲವನ್ನೂ ತುಂಗವ್ವನ ಮಾತಿನಲ್ಲೇ ಬರೆದು ಶೆಡ್ಡಿನ ವೆಬ್‌ಸೈಟಿಗೆ ಹಾಕಿದಳು. ಹೇಳಪ್ಪ ಅದನ್ನು ಓದಿಕೊಂಡ. ಸೊನ್ನೆ ನಿಧಾನವಾಗಿ ನಾಲ್ಕಾಯಿತು, ಏಳಾಯಿತು. ಒಂದಿಬ್ಬರು ನಿಜವಾಗಿ ಗಂಟು ಹೊತ್ತುಕೊಂಡು ಶೆಡ್ಡಿಗೆ ಬಂದರು.

ಇಲ್ಲಿಗೆ ನಿಂತಿದ್ದರೆ ಒಬ್ಬ ತಾಯಿಯೂ ಸಾಯುತ್ತಿರಲಿಲ್ಲ. ನನಗೆ ಗ್ರಾಫು ತುಂಬಿಕೊಂಡು ಕಾಣಬೇಕೆಂಬ ಆಸೆ. ನೂರು ಸಲ ಕೇಳಿದರೆ ಗೆರೆ ಹಲ್ಲುಹಲ್ಲಾಗಿ ಬರುತ್ತದೆ, ಸಾವಿರಾರು ಸಲ ಕೇಳಿದರೆ ರೇಷ್ಮೆಯ ಹಾಗೆ ಬರುತ್ತದೆ. ಅದಕ್ಕೆ ಸಾವಿರಾರು ಮುಖ ಬೇಕು. ಇಂದುಮತಿಯ ಕೈಯಲ್ಲಿ ಅಷ್ಟು ಹೆಸರು ಕಟ್ಟುವುದು ಆಗದ ಕೆಲಸವಾದ್ದರಿಂದ ನಾನೇ ಶೆಡ್ಡಿಗೆ ಹೋಗಿ, ನಿಮ್ಮ ಹೆಸರು ಹಾಕಿಕೊಳ್ಳಲೇ ಎಂದು ಕೇಳಿದೆ. ಎಲ್ಲರೂ ಹೂಂ ಎಂದರು. ಅಷ್ಟಕ್ಕೇ ಬಿಡಲಿಲ್ಲ. ನಮ್ಮ ಕಡೆ ಒಬ್ಬರ ಹೆಸರು ಎಲ್ಲಾದರೂ ಬರುತ್ತದೆಂದರೆ ಅತ್ತಿಗೆ, ನಾದಿನಿ, ಚಿಕ್ಕವ್ವನ ಸೊಸೆ ಇವರನ್ನು ಬಿಟ್ಟು ಹಾಕಿಸಿಕೊಳ್ಳುವ ರೂಢಿಯಿಲ್ಲ. ಬಿಟ್ಟರೆ ನಾಳೆ ಲಗ್ನಕ್ಕೆ ಕರೆಯುವುದಿಲ್ಲ. "ನಮ್ಮ ಅಕ್ಕನ ಮಗಳ್ನೂ ಹಾಕ್ರಿ, ಆಕಿ ಸಿಟ್ಟಿನಾಕಿ," ಎಂದು ಕಸ್ತೂರಿ ಎಂಬ ಹೊಲಿಗೆಯವಳು ನಾನು ಮೆಟ್ಟಿಲಿಳಿದ ಮೇಲೂ ಹಿಂದೆ ಬಂದು ಹೇಳಿದಳು. ಶೆಡ್ಡಿನಿಂದ ಓಣಿಗೆ, ಓಣಿಯಿಂದ ಬೀಗರ ಊರಿಗೆ ಸುದ್ದಿ ಹಬ್ಬಿತು. ಒಂಬತ್ತು ಸಾವಿರಕ್ಕೆ ನಾನು ಕೈಮುಗಿದು ಸಾಕೆಂದೆ. ಹೆಸರು ಕೊಟ್ಟವರ ಬಾಯಿಂದ ಏನು ಕೇಳಿಸಲಾಗುತ್ತಿದೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹೇಳಪ್ಪನೊಳಗೆ 'ಊರಿನ ಮನಸ್ಸು' ಎಂಬ ಒಂದು ಭಾಗವಿದೆ. ಒಂದು ವಾರ ಊರು ಏನೇನು ಕೇಳಿತೋ ಅದನ್ನು ಸೋಸಿ, ಆ ಊರಿನವರೊಡನೆ ಯಾವ ದನಿಯಲ್ಲಿ ಮಾತಾಡಬೇಕೆಂದು ಅದು ನಿರ್ಧರಿಸುತ್ತದೆ. ಮದುವೆಯ ಹಂಗಾಮಿನಲ್ಲಿ ಹುರುಪಾಗಿ, ಪರೀಕ್ಷೆಯ ಹಂಗಾಮಿನಲ್ಲಿ ಧೈರ್ಯ ಹೇಳುತ್ತ. ಆ ವಾರ ಒಂಬತ್ತು ಸಾವಿರ ಮಕ್ಕಳು ಗಂಟೆಗೊಮ್ಮೆ, ಅವ್ವ ಹೋದಳು, ಏನು ಮಾಡಲಿ ಎಂದು ಕೇಳಿದರು. ಊರಿನ ಮನಸ್ಸು ಒಡೆದುಹೋಯಿತು.

ಮೊದಲು ಗೊತ್ತಾದದ್ದು ನಮ್ಮ ಅಡುಗೆಮನೆಯಲ್ಲಿ. ಸರೋಜಾ ಸಾರಿಗೆ ಹುಣಸೆಹಣ್ಣು ಎಷ್ಟು ಹಾಕಲಿ ಎಂದು ಕೇಳಿದಳು. "ಅಳತೆ ಆಮೇಲೆ ನೋಡೋಣ," ಎಂದ ಹೇಳಪ್ಪ, ಆಸ್ಪತ್ರೆಯಲ್ಲಿ ಮಾತಾಡುವವರ ದನಿಯಲ್ಲಿ. "ನೀವು ಏನಾದರೂ ತಿಂದಿರಾ?" ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಮನೆಯಲ್ಲಿ ತನಗೆ ಹೀಗೆ ಕೇಳಿದ ಮೊದಲನೆಯವನು ಇವನೇ ಎಂದು ಸರೋಜಾ ನನ್ನ ಕಡೆ ತಿರುಗಿ ಹೇಳಿದಳು. ಆ ದಿನ ಸಾರು ಸಪ್ಪೆಯಾಗಿತ್ತು. ನಾನು ಚೆನ್ನಾಗಿದೆ ಎಂದೆ.

ಹೊರಗೆ ಅದಕ್ಕಿಂತ ಹೆಚ್ಚಾಗಿತ್ತು. ಲಗ್ನದ ಅಡುಗೆಯವನೊಬ್ಬ ಐನೂರು ಎಲೆಗೆ ಪಟ್ಟಿ ಕೇಳಿದರೆ ಹೇಳಪ್ಪ ಅನ್ನ, ತಿಳಿಸಾರು ಸಾಕು ಎಂದನಂತೆ. ತ್ರಿಕೋನಮಿತಿಯ ಲೆಕ್ಕ ಕೇಳಿದ ಹುಡುಗಿಗೆ, ಇದನ್ನು ಈಗಲೇ ಬಿಡಿಸಬೇಕಾಗಿಲ್ಲ, ದುಃಖಕ್ಕೆ ಸಮಯ ಕೊಡು ಎಂದನಂತೆ. ಅವಳು ಅದನ್ನೇ ಉತ್ತರಪತ್ರಿಕೆಯಲ್ಲಿ ಬರೆದು ಬಂದಳಂತೆ. ಆಟೋದವರು ಚೌಕಾಶಿ ಬಿಟ್ಟರು. ಯಾರ ಮನೆಯಲ್ಲಿ ಏನಾಗಿದೆಯೋ ಎಂದು ಬಸ್ಸಿನಲ್ಲಿ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಟ್ಟರು. ಹುಬ್ಬಳ್ಳಿಯವರು ಇಷ್ಟು ಮೆತ್ತಗೆ ಮಾತಾಡಿದ್ದನ್ನು ಕೇಳಿ ಧಾರವಾಡದವರು, ಏನೋ ಕೆಟ್ಟದ್ದು ನಡೆದಿದೆ ಎಂದು ಫೋನು ಮಾಡಿದರು.

ಶೆಡ್ಡಿನ ಗ್ರಾಫು ರೇಷ್ಮೆಯ ಹಾಗೆ ಏರುತ್ತಿತ್ತು. ನಾನು ಅದನ್ನು ನೋಡಿಕೊಂಡು ಚಹಾ ಕುಡಿಯುತ್ತಿದ್ದೆ. ಆಗ ಮೆಟ್ಟಿಲ ಮೇಲೆ ಕೋಲಿನ ಸದ್ದಾಯಿತು.

ಬಂದವರು ಕಸ್ತೂರಿಯ ತಾಯಿ ಹೊಳೆವ್ವ. ತೊಂಬತ್ತರ ಹತ್ತಿರದ ವಯಸ್ಸು, ಕಾಸಿನಗಲ ಕುಂಕುಮ. ಹಿಂದೆ ಕಸ್ತೂರಿ ಅಳುವುದೋ ನಗುವುದೋ ತಿಳಿಯದ ಮುಖ ಮಾಡಿಕೊಂಡಿದ್ದಳು. ಹೇಳಪ್ಪ ಕಸ್ತೂರಿಯ ಫೋನಿಗೆ ಸಂತಾಪ ಹೇಳಲು ಕರೆ ಮಾಡಿದ್ದಾನೆ. ಫೋನು ಎತ್ತಿದವರು ಹೊಳೆವ್ವ. ನಿಮ್ಮ ತಾಯಿಯ ಅಗಲಿಕೆಯಿಂದ ಬಹಳ ನೋವಾಗಿದೆ ಎಂದು ಅವನು ಹೇಳಿದ್ದಕ್ಕೆ ಹೊಳೆವ್ವ, ನನ್ನ ತಾಯಿ ಹೋಗಿ ಅರವತ್ತು ವರ್ಷವಾಯಿತು, ಈಗ ಹೊಳೀತೇನಪ್ಪ ನಿನಗೆ ಎಂದಿದ್ದಾರೆ. ಹೆಸರು ಹಿಡಿದು ಕೇಳಿದಾಗ ಸತ್ತವಳು ತಾನೇ ಎಂದು ತಿಳಿಯಿತು. ಸಾಲದ್ದಕ್ಕೆ, ಹೇಳಪ್ಪನ ಮಾತು ನಂಬಿದ ಯಾವುದೋ ಒಂದು ಕಚೇರಿಯವರು ಆಕೆಯ ಪಿಂಚಣಿ ನಿಲ್ಲಿಸಿಬಿಟ್ಟಿದ್ದರು.

"ನಾ ಸತ್ತೀನಂತ ಹೇಳ್ದಾಂವ ನೀನ ಏನ?" ಎಂದರು ಹೊಳೆವ್ವ, ಕುರ್ಚಿಯಲ್ಲಿ ಕೂರುತ್ತ.

ನಾನು ಚಹಾ ತರಿಸಲೇ ಎಂದೆ.

"ಸತ್ತವರಿಗೆ ಚಹಾ ಯಾಕಪಾ," ಎಂದರು. ಆದರೂ ತರಿಸಲು ಹೇಳಿದರು, ಸಕ್ಕರೆ ಹೆಚ್ಚಿಗೆ.

ಚಹಾ ಬರುವುದಕ್ಕೆ ಮೊದಲೇ ಹೇಳಪ್ಪನ ಕಂಪನಿಯವರು ಬಂದರು. ಹುಬ್ಬಳ್ಳಿಯಲ್ಲಿ ತಾಯಂದಿರಿಗೆ ಮಾತ್ರ ತಗಲುವ ಸಾಂಕ್ರಾಮಿಕ ಹಬ್ಬಿದೆಯೆಂದು ಯಂತ್ರ ಎಚ್ಚರಿಕೆ ಕೊಟ್ಟು, ಅದರ ಜಾಡು ಹಿಡಿದಾಗ ಎಲ್ಲ ಅಳುವೂ ಗಿರಮಿಟ್ ಅಂಗಡಿಯ ಮೇಲಿನ ಒಂದೇ ತಂತಿಯಿಂದ ಬರುತ್ತಿರುವುದು ಕಂಡಿತ್ತು. ಬಂದ ಅಧಿಕಾರಿ ವಾದಿರಾಜ ಗುತ್ತಲ, ನಲವತ್ತರ ಒಳಗಿನ ಸಂಭಾವಿತ ಮನುಷ್ಯ. ಮುಖಕ್ಕೆ ಮಾಸ್ಕು ಹಾಕಿಕೊಂಡೇ ಬಂದಿದ್ದರು. ಹೊಳೆವ್ವನನ್ನು ನೋಡಿ ತೆಗೆದರು.

ಅವರು ಎಲ್ಲವನ್ನೂ ಕೇಳಿದರು, ನಾನು ಎಲ್ಲವನ್ನೂ ಹೇಳಿದೆ. ಸುದ್ದಿ ತಿಳಿದು ತುಂಗವ್ವ ಕೈಯಲ್ಲಿ ಸೂಜಿ ಹಿಡಿದುಕೊಂಡೇ ಓಡಿಬಂದರು. ಗುತ್ತಲ ಸಾಹೇಬರು ಬೇಸರದಿಂದಲೇ ನಿಯಮ ತಿಳಿಸಿದರು. ನೂರು ಸಲ ಕೇಳುವುದಕ್ಕೆ ಅಡ್ಡಿಯಿಲ್ಲ, ಅದನ್ನು ಎಲ್ಲರೂ ಮಾಡುತ್ತಾರೆ. ಆದರೆ ಸುಳ್ಳು ಮುಖಗಳಿಂದ ಊರಿನ ಮನಸ್ಸು ಕೆಡಿಸಿದರೆ, ಯಾರ ಲಾಭಕ್ಕಾಗಿ ಕೆಡಿಸಲಾಯಿತೋ ಅವರ ಹೆಸರನ್ನು ಹೇಳಪ್ಪ ಇನ್ನು ಮುಂದೆ ಯಾವ ಉತ್ತರದಲ್ಲೂ ಹೇಳುವಂತಿಲ್ಲ. ಒಂಬತ್ತು ಸಾವಿರ ಮುಖಗಳನ್ನೂ ಅವರು ಹೇಳಿದ ಮಾತುಗಳನ್ನೂ ಅಳಿಸಲಾಗುತ್ತದೆ. ಸೀರೆಯ ಬಗ್ಗೆ ವೆಬ್‌ಸೈಟಿನಿಂದ ಕಲಿತದ್ದನ್ನೂ ಸೇರಿಸಿ.

ತಪ್ಪು ನನ್ನದು, ನನ್ನ ಹೆಸರು ಹೊಡೆದುಹಾಕಿ ಎಂದೆ. ನಿಮ್ಮ ಹೆಸರನ್ನು ಹೇಳಪ್ಪ ಮೊದಲೇ ಎಲ್ಲೂ ಹೇಳುತ್ತಿರಲಿಲ್ಲ ಎಂದರು. ಅದು ನಿಜವೇ ಆಗಿತ್ತು.

ತುಂಗವ್ವ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡರು.

"ಹಂಗಾರ ಮುಗೀತು," ಎಂದರು. "ಕಸ್ತೂರಿ, ನಿಮಗೆಲ್ಲಾ ಒಂದು ಮಾತು ಹೇಳೂದಿತ್ತು. ದೀಪಾವಳಿ ಆದ ಮ್ಯಾಲೆ ಕೆಲಸ ಇರೂದಿಲ್ಲವ್ವ."

ಇಂದುಮತಿ ಎದ್ದು ಗುತ್ತಲ ಸಾಹೇಬರ ಮುಂದೆ ಬಂದು ನಿಂತಳು.

"ಒಂಬತ್ತು ಸಾವಿರದಾಗ ಒಂದು ಖರೇ ಐತ್ರಿ ಸರ್," ಎಂದಳು. "ನಂದು. ಅದನ್ನೂ ಅಳಸ್ತೀರೇನು?"

ಗುತ್ತಲ ಸಾಹೇಬರು ಟ್ಯಾಬಿನಲ್ಲಿ ಹುಡುಕಿ ನೋಡಿದರು. ಒಂದೇ ಪ್ರಶ್ನೆ ಒಂಬತ್ತು ಸಾವಿರ ಸಲ ಇದೆ, ಯಾವುದು ನಿಮ್ಮದು ಎಂದು ಯಂತ್ರಕ್ಕೆ ಬೇರ್ಪಡಿಸಲು ಬರುವುದಿಲ್ಲ ಎಂದು ಕೊನೆಗೆ ತಗ್ಗಿದ ದನಿಯಲ್ಲಿ ಹೇಳಿದರು. ಇಂದುಮತಿ ಹೋಗಿ ತನ್ನ ಜಾಗದಲ್ಲಿ ಕುಳಿತಳು.

ಹೊಳೆವ್ವನಿಗೆ ಇದೆಲ್ಲ ಬೇಡವಾಗಿತ್ತು. ತನ್ನನ್ನು ಮೊದಲು ಬದುಕಿಸಬೇಕು, ಪಿಂಚಣಿ ಬರಬೇಕು. ಗುತ್ತಲ ಸಾಹೇಬರು ತಮ್ಮ ಟ್ಯಾಬನ್ನು ಆಕೆಯ ಮುಂದೆ ಹಿಡಿದು, ಹೇಳಪ್ಪನೊಡನೆ ಸ್ವಲ್ಪ ಮಾತಾಡಿ, ಜೀವಂತ ಇದ್ದೀರೆಂದು ಅವನಿಗೆ ಖಾತ್ರಿಯಾಗಬೇಕು ಎಂದರು. ಹೊಳೆವ್ವ ಅದನ್ನು ಮಡಿಲಿಗೆ ಎಳೆದುಕೊಂಡರು.

ಹೇಳಪ್ಪನಿಗೆ ಇನ್ನೂ ಹಳೆಯ ಗುಂಗು. ನಿಮ್ಮ ಸೀರೆಗಳು ಟ್ರಂಕಿನಲ್ಲಿವೆ, ಮಗಳು ಅವನ್ನು ಏನು ಮಾಡಲಿ ಎಂದು ಕೇಳುತ್ತಿದ್ದಾಳೆ ಎಂದ.

"ಆಕಿ ನಿನಗ್ಯಾಕ ಕೇಳ್ಯಾಳು? ಸೀರಿ ನಂದು. ನನಗ ಕೇಳಬೇಕು."

ಸತ್ತವರೇ ಉತ್ತರ ಕೊಟ್ಟದ್ದು ಹೇಳಪ್ಪನ ಅನುಭವದಲ್ಲಿ ಮೊದಲು. ಹಾಗಾದರೆ ಹೇಳಿ ಎಂದ.

ಆಮೇಲೆ ಹೊಳೆವ್ವ ಸುಮಾರು ಹೊತ್ತು ಹೇಳಿದರು. ಇಳಕಲ್ಲ ಸೀರೆ ಯಾವ ಮಗಳ ಬಸಿರಿನಲ್ಲಿ ತಂದದ್ದು, ಕರಿಯ ಚಂದ್ರಕಾಳಿ ಸೀರೆ ಯಾರ ಲಗ್ನದಲ್ಲಿ ಹರಿಯಿತು, ಗಂಡ ಆರಿಸಿದ ಹಸಿರು ಸೀರೆ ಎಷ್ಟು ಕೆಟ್ಟದ್ದು, ಆದರೂ ಅದನ್ನೇ ಯಾಕೆ ಹೆಚ್ಚು ಉಟ್ಟದ್ದು. ತಾನು ಹೋದ ಮೇಲೆ ಟ್ರಂಕು ತೆಗೆದು ಮಕ್ಕಳು ಅತ್ತುಕೊಂಡು ಕೂರಬಾರದು. ತಾನು ಇರುವಾಗಲೇ ಎದುರಿಗೆ ಕೂತು ಕೌದಿ ಹೊಲಿಸಿಕೊಂಡು, ತಾನೇ ನಾಲ್ಕು ದಿನ ಹೊದ್ದು ಬೆಚ್ಚಗೆ ಮಾಡಿ ಕೊಡುತ್ತೇನೆ. ಮಗಳು ಹಳೇ ಹುಬ್ಬಳ್ಳಿಯಲ್ಲಿ ತುಂಗವ್ವನ ತಗಡಿನ ಶೆಡ್ಡಿನಲ್ಲಿ, ಹದಿನಾರು ಹೆಂಗಸರಲ್ಲಿ ಒಬ್ಬಳಾಗಿ ಹೊಲಿಯುತ್ತಾಳೆ, ಅಲ್ಲಿಯೇ ಆಗಬೇಕು. ಇಷ್ಟು ಹೇಳಿ ಟ್ಯಾಬನ್ನು ತಿರುಗಿಸಿ ಕೊಟ್ಟರು. "ಈಗರೆ ಬದಕೀನೋ ಇಲ್ಲೋ ಕೇಳ್ ನೋಡು." ಬದುಕಿದ್ದಾರೆ ಎಂದ ಹೇಳಪ್ಪ.

ಅದೇ ಸಂಜೆ ಒಂಬತ್ತು ಸಾವಿರ ಮುಖಗಳೂ ಅಳಿಸಿಹೋದವು. ತುಂಗವ್ವನ ಹೆಸರಿನ ಮೇಲೆ ಬೀಗ ಬಿತ್ತು. ಆದರೆ ನಿಜವಾದ ಮನುಷ್ಯರು ನಿಜವಾಗಿ ಆಡಿದ ಮಾತನ್ನು ಅಳಿಸುವಂತಿಲ್ಲ, ಅದೂ ನಿಯಮವೇ. ಹೀಗಾಗಿ, ಮನೆಯಲ್ಲಿ ಉಳಿದ ಸೀರೆಗಳ ವಿಷಯದಲ್ಲಿ ಹುಬ್ಬಳ್ಳಿಯ ಮನಸ್ಸಿನಲ್ಲಿ ಉಳಿದದ್ದು ಹೊಳೆವ್ವ ಒಬ್ಬರೇ.

ಇದರ ಪರಿಣಾಮವನ್ನು ನಾವಾರೂ ಯೋಚಿಸಿರಲಿಲ್ಲ. ಯಾರಾದರೂ ಬೀರು ತುಂಬಿದೆ, ಹಳೆಯ ಸೀರೆ ಏನು ಮಾಡಲಿ ಎಂದು ಕೇಳಿದರೆ ಸಾಕು, ಹೇಳಪ್ಪ ಪಾತ್ರೆಯವರ ಮಾತೇ ಎತ್ತುತ್ತಿರಲಿಲ್ಲ. ಸೀರೆ ಯಾರದು, ಅವರು ಇದ್ದಾರೆಯೇ, ಇದ್ದರೆ ಅವರನ್ನು ಕೇಳಿದಿರಾ ಎನ್ನುತ್ತಿದ್ದ. ಇಲ್ಲ ಎಂದರೆ, ಇವತ್ತೇ ಕೇಳಿ ಎಂದು ಸ್ವಲ್ಪ ಗದರುತ್ತಿದ್ದ. ಕೊನೆಗೆ, ಹಳೇ ಹುಬ್ಬಳ್ಳಿಯಲ್ಲಿ ಒಂದು ತಗಡಿನ ಶೆಡ್ಡು ಇದೆ, ಹದಿನಾರು ಹೆಂಗಸರು ಕೌದಿ ಹೊಲಿಯುತ್ತಾರೆ, ಹೆಸರು ಹೇಳಲು ನನಗೆ ಅನುಮತಿ ಇಲ್ಲ, ದಯವಿಟ್ಟು ಕೇಳಬೇಡಿ ಎನ್ನುತ್ತಿದ್ದ.

ಹೇಳಪ್ಪನಿಗೂ ಹೇಳಲಾಗದ ಹೆಸರು ಒಂದಿದೆ ಎಂದು ತಿಳಿದ ಮೇಲೆ ಹುಬ್ಬಳ್ಳಿಯ ಜನ ಮನೆಯಲ್ಲಿ ಕೂರುವುದುಂಟೇ? ಮೊದಲ ದಿನ ಏಳೆಂಟು ಜನ ಶೆಡ್ಡು ಹುಡುಕಿಕೊಂಡು ಬಂದರು, ಬರಿಗೈಯಲ್ಲಿ, ಸುಮ್ಮನೆ ನೋಡಿ ಹೋಗಲು. ಮರುದಿನ ಅವರೇ ತಾಯಂದಿರನ್ನು ಕರೆತಂದರು, ತಾಯಂದಿರು ಗಂಟು ತಂದರು. ಮಹಾನವಮಿಯ ಹೊತ್ತಿಗೆ ಕೂರಲು ಜಾಗ ಸಾಲದೆ ಶೆಡ್ಡಿನ ಹೊರಗೆ ಚಾಪೆ ಹಾಸಬೇಕಾಯಿತು. ಮಾಲೀಕ ಕರೆಂಟಿನ ಮಶೀನಿನ ಅಳತೆ ತೆಗೆದುಕೊಳ್ಳಲು ಬಂದವನು, ನಾಳೆ ನಮ್ಮ ಅವ್ವನನ್ನು ಕಳಿಸುತ್ತೇನೆ ಎಂದು ಹೇಳಿ ಟೇಪು ಸುತ್ತಿಕೊಂಡು ಹೋದ.

ತಿಂಗಳ ಕೊನೆಗೆ ನಾನು ವರದಿ ಒಯ್ದೆ. ನೂರು ಮುಖ, ನೂರು ಉತ್ತರ, ತುಂಗವ್ವನ ಹೆಸರು ಎಷ್ಟು ಸಲ ಬಂದಿದೆ ಎಂಬಲ್ಲಿ ಸೊನ್ನೆ. ಗ್ರಾಫು ನೆಲಕ್ಕೆ ಅಂಟಿಕೊಂಡಿತ್ತು. ತುಂಗವ್ವ ಅದನ್ನು ಉದ್ದಕ್ಕೂ ಅಡ್ಡಕ್ಕೂ ನೋಡದೆ ಕೆಳಗಿಟ್ಟು, ಇಲ್ಲಿ ಮಾತಾಡಲು ಪುರುಸೊತ್ತಿಲ್ಲ, ದಾರ ಪೋಣಿಸಲು ಬರುತ್ತದೆಯೇ ಎಂದು ಕೇಳಿದರು. ಒಂದು ಮೂಲೆಯಲ್ಲಿ ಇಂದುಮತಿ ಕುಳಿತಿದ್ದಳು. ಅವಳ ಅವ್ವನನ್ನು ಕೇಳುವ ಹಾಗಿರಲಿಲ್ಲವಾದ್ದರಿಂದ, ಯಾವ ಸೀರೆ ಯಾವುದರ ಪಕ್ಕ ಬರಬೇಕು ಎಂದು ಹೊಳೆವ್ವ ಕೋಲಿನಿಂದ ತೋರಿಸುತ್ತಿದ್ದರು. ಇಂದುಮತಿ ಎರಡು ಸಲ ಬೇಡ ಎಂದು ತಲೆಯಾಡಿಸಿ ತನ್ನಿಷ್ಟದಂತೆ ಇಟ್ಟಳು. ನಾನು ಸೂಜಿ ಹಿಡಿದು ಅವರ ಪಕ್ಕ ಕುಳಿತೆ.

ಆ ಹೊತ್ತಿಗೆ ಹೊರಗೆ ಒಂದು ಕಾರು ಬಂದು ನಿಂತಿತು. ವಾದಿರಾಜ ಗುತ್ತಲ ಸಾಹೇಬರು ಇಳಿದರು, ಎರಡೂ ಕೈಯಲ್ಲಿ ಗಂಟು. ತಪಾಸಣೆ ಇರಬಹುದೆಂದು ನಾನು ಎದ್ದು ನಿಂತೆ. ಅವರು ನನ್ನ ಮುಖ ನೋಡಲಿಲ್ಲ. ಹಿಂದಿನ ಬಾಗಿಲಿನಿಂದ ಒಂಬತ್ತು ಗಜದ ಸೀರೆಯುಟ್ಟ, ಕನ್ನಡಕದ ಮುದುಕಿಯೊಬ್ಬರು ಇಳಿದು, ಯಾರನ್ನೂ ಕೇಳದೆ ಚಾಪೆಯ ಮೇಲೆ ಕೂತು ಗಂಟು ಬಿಚ್ಚಿಸಿದರು. ತುಂಗವ್ವ ಒಂದೊಂದಾಗಿ ಬಿಡಿಸಿ ಹಾಸಿದರು. ಕೆಂಪು, ಜೇನುಬಣ್ಣ, ಅಂಚು ಸವೆದ ಒಂದು ಕಪ್ಪು. ಸಾಹೇಬರು ಗಂಟಿನ ತಳದಲ್ಲಿದ್ದ ನೀಲಿ ಸೀರೆಯೊಂದನ್ನು ತಾವೇ ಎತ್ತಿ ಕೊಡಲು ಹೋದರು. ಮುದುಕಿ ಅದನ್ನು ಮಗನ ಕೈಯಿಂದ ಕಸಿದು ಮಡಿಲಲ್ಲಿ ಇಟ್ಟುಕೊಂಡರು.

"ಇದು ಬ್ಯಾಡ," ಎಂದರು. "ಇದನ್ನ ಇನ್ನೂ ಉಡೂದದ."